ಎಂಟು ಗಂಟೆಯವರೆಗೂ ನಿನ್ನೆ

ನನಗೆ ಹುಟ್ಟಿದ ದಿನ ಎರಡು. ಅವ್ವ ಹೇಳುವಂತೆ ನಾನು ಹುಟ್ಟಿದ್ದು ಜುಲೈ ನಾಲ್ಕರ ಬೆಳಗಿನ ಜಾವ, ಕುಂದೂರಿನ ಪಕ್ಕದ ಅಜ್ಜಿಮನೆಯಲ್ಲಿ, ಕೋಳಿ ಕೂಗಿದ ಸ್ವಲ್ಪ ಹೊತ್ತಿಗೆ. ಆದರೆ ಶಾಲೆಯ ದಾಖಲೆಯಿಂದ ಹಿಡಿದು ಆಧಾರ್ ಕಾರ್ಡಿನವರೆಗೆ ಎಲ್ಲೆಲ್ಲೂ ಜುಲೈ ಮೂರು ಎಂದೇ ಇದೆ. ಬರೆಸಿದವನು ನನ್ನಪ್ಪ ಶಾಂತಮಲ್ಲಪ್ಪ. ಅವನು ಸುಳ್ಳು ಬರೆಸಲಿಲ್ಲ, ಮರೆತೂ ಬರೆಸಲಿಲ್ಲ. ನಾನು ಹುಟ್ಟಿದಾಗ ಎಂಟು ಗಂಟೆ ಆಗಿರಲಿಲ್ಲ, ಅಷ್ಟೆ. ಬೆಳಗ್ಗೆ ಎಂಟು ಗಂಟೆಯವರೆಗೂ ನನ್ನಪ್ಪನಿಗೆ ನಿನ್ನೆಯೇ.

ಹುಚ್ಚು ಎಂದುಕೊಳ್ಳಬೇಡಿ, ಅದು ಅವನ ಕೆಲಸ. ಅಪ್ಪ ಬಿಸಿಲೆ ರಸ್ತೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷದಿಂದ ರೈಟರ್. ಆಳುಗಳ ಹಾಜರಿ, ಸ್ಟೋರಿನ ಬೀಗದ ಕೈ, ಗೊಬ್ಬರದ ಚೀಲ ಎಲ್ಲ ಅವನ ಸುಪರ್ದಿನಲ್ಲಿ. ಅದೆಲ್ಲಕ್ಕಿಂತ ಅವನಿಗೆ ಹೆಚ್ಚಿನದು ಮಳೆಯ ಪುಸ್ತಕ. ಸ್ಟೋರಿನ ಹಿಂದೆ, ಮರದ ಹನಿ ಬೀಳದ ಬಯಲಿನಲ್ಲಿ, ಮಳೆ ಅಳೆಯುವ ಗೇಜು ನೆಟ್ಟಿದೆ. ಬೆಳಗ್ಗೆ ಸರಿಯಾಗಿ ಎಂಟಕ್ಕೆ ಅಪ್ಪ ಅದರಲ್ಲಿ ನಿಂತ ನೀರನ್ನು ಗೆರೆ ಕೊರೆದ ಗಾಜಿನ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಉಸಿರು ಹಿಡಿದು ನೋಡುತ್ತಾನೆ. ಇಷ್ಟು ಇಂಚು, ಇಷ್ಟು ಸೆಂಟು. ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಪಾಲು. ನೋಡಿದ್ದನ್ನು ಹಿಂದಿನ ದಿನದ ತಾರೀಕಿನ ಎದುರು ಬರೆಯುತ್ತಾನೆ. ಏಕೆಂದರೆ ನಿನ್ನೆ ಎಂಟರಿಂದ ಇವತ್ತು ಎಂಟರವರೆಗೆ ಬಿದ್ದದ್ದು ನಿನ್ನೆಯ ಮಳೆ. ಸುತ್ತಲ ತೋಟಗಳಲ್ಲೂ ಇದೇ ಪದ್ಧತಿ. ಬೇರೆ ರೈಟರುಗಳು ಪುಸ್ತಕ ಮುಚ್ಚಿದ ಮೇಲೆ ಈ ಲೆಕ್ಕವನ್ನು ಅಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ. ನನ್ನಪ್ಪ ಬಿಡಲಿಲ್ಲ. ಬೆಳಗ್ಗೆ ಆರಕ್ಕೆ ಯಾರೋ ತೀರಿಕೊಂಡರು ಎಂದು ಸುದ್ದಿ ಬಂದರೆ, ಏಳು ಗಂಟೆಗೆ ಸಿಕ್ಕಿದವರಿಗೆಲ್ಲ "ಪಾಪ, ನಿನ್ನೆ ಹೋಗ್ಬುಟ್ರಂತೆ" ಎನ್ನುತ್ತಿದ್ದ.

"ನಿಮ್ಮಪ್ಪನ್ ತಲೇಲಿ ಮೆದುಳಿಲ್ಲ ಕಣೆ, ಗೇಜ್ ಐತೆ" ಎಂದು ಅವ್ವ ರೇಗಿಸುತ್ತಿದ್ದಳು. ಅಪ್ಪ ನಗುತ್ತಿದ್ದ. ಆ ಲೆಕ್ಕ ಒಂದು ದಿನ ನಮ್ಮ ಮನೆಯನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ಆ ವರ್ಷ ಕೊರೊನಾ ಇನ್ನೂ ಪೂರ್ತಿ ಬಿಟ್ಟುಹೋಗಿರಲಿಲ್ಲ. ನಾನು ಸಕಲೇಶಪುರದಲ್ಲಿ ಪಿಯುಸಿ ಮುಗಿಸಿ ಮನೆಗೆ ಬಂದಿದ್ದೆ. ಡಾಕ್ಟರ್ ಓದಬೇಕೆಂದರೆ ಬರೆಯಬೇಕಾದ ನೀಟ್ ಪರೀಕ್ಷೆ ಇವತ್ತು, ನಾಳೆ ಎನ್ನುತ್ತಾ ಮುಂದಕ್ಕೆ ಹೋಗಿ, ಕೊನೆಗೆ ಸೆಪ್ಟೆಂಬರಿಗೆ ಬಂದು ನಿಂತಿತು. ಓದುವ ಮಕ್ಕಳಿಗೆ ಪರೀಕ್ಷೆ ಮುಂದೆ ಹೋದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದರು. ಅವರಿಗೆ ಎರಡು ಏಟು ಕೊಡಬೇಕು ಎನಿಸುತ್ತಿತ್ತು. ಮಾಗಿದ ಹಣ್ಣನ್ನು ಗಿಡದಲ್ಲೇ ಬಿಟ್ಟರೆ ಏನಾಗುತ್ತದೆ ಎಂದು ತೋಟದವರಿಗೆ ಬೇರೆ ಹೇಳಬೇಕೆ?

ನಾನು ಓದುತ್ತಿದ್ದದ್ದು ಸ್ಟೋರಿನ ಅಟ್ಟದಲ್ಲಿ, ಖಾಲಿ ಗೋಣಿಚೀಲಗಳ ಮೇಲೆ ಕೂತು. ಕಿಟಕಿಗೆ ಗಾಜಿರಲಿಲ್ಲ, ಮಂಜು ಹೇಳದೆ ಕೇಳದೆ ಒಳಗೆ ಬರುತ್ತಿತ್ತು. ಒಂದು ಪುಟ ಓದಿ ತಲೆಯೆತ್ತಿದರೆ ಸಿಲ್ವರ್ ಓಕ್ ಮರಗಳು ಇರುತ್ತಿರಲಿಲ್ಲ. ಇನ್ನೊಂದು ಪುಟ ಓದಿ ನೋಡಿದರೆ ಮರಗಳಿದ್ದು ಗುಡ್ಡ ಇರುತ್ತಿರಲಿಲ್ಲ. ವಾರ, ತಿಂಗಳು ಎಲ್ಲ ಒಂದರೊಳಗೊಂದು ಕರಗಿ ಹೋಗುತ್ತಿದ್ದವು. ಹೃದಯದ ನಾಲ್ಕು ಕೋಣೆಗಳ ಚಿತ್ರ ನೋಡುತ್ತಾ ನಡುಮಧ್ಯಾಹ್ನ ಕಣ್ಣು ಹತ್ತಿದರೆ, ಕನಸಿನಲ್ಲಿ ಆ ಕೋಣೆಗಳಿಗೆ ನಮ್ಮ ತೋಟದ ಆಳುಗಳಿರುವ ಲೈನಿನ ಮನೆಗಳ ನೀಲಿ ಬಾಗಿಲು. ಒಂದೊಂದೇ ಬಾಗಿಲು ತಟ್ಟುತ್ತಾ ಹೋಗುತ್ತೇನೆ. ಒಳಗಿನಿಂದ ಯಾರೋ "ಇವತ್ತು ಯಾವ ತಾರೀಕು?" ಎಂದು ಕೇಳುತ್ತಾರೆ. ನನಗೆ ಹೇಳಲು ಬರುವುದಿಲ್ಲ. ಅಷ್ಟರಲ್ಲಿ ಎಚ್ಚರವಾಗುತ್ತದೆ, ಪುಸ್ತಕದ ಪುಟ ತಣ್ಣಗೆ ಒದ್ದೆಯಾಗಿರುತ್ತದೆ.

ಡಾಕ್ಟರೇ ಯಾಕೆ ಎಂದರೆ ದೊಡ್ಡ ಕಾರಣವೇನಿಲ್ಲ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಲೈನಿನ ಹುಲಿಯಮ್ಮನಿಗೆ ಎದೆನೋವು ಬಂದು, ತೋಟದ ಜೀಪಿನಲ್ಲಿ ಸಕಲೇಶಪುರಕ್ಕೆ ಕರೆದೊಯ್ದರು. ಜೊತೆಗೆ ಹೋಗಲು ಯಾರೂ ಇಲ್ಲವೆಂದು ನಾನು ಹತ್ತಿದ್ದೆ. ಅಲ್ಲಿನ ಡಾಕ್ಟರಮ್ಮ ಸುಮ್ಮನೆ ಮೂಲೆಯಲ್ಲಿ ನಿಂತಿದ್ದ ನನ್ನನ್ನು ಕರೆದು, ಸ್ಟೆತಾಸ್ಕೋಪನ್ನು ನನ್ನ ಕಿವಿಗೆ ಸಿಕ್ಕಿಸಿ "ಕೇಳು" ಎಂದರು. ಹುಲಿಯಮ್ಮನ ಎದೆಯೊಳಗೆ, ದೂರದ ತಗಡಿನ ಮೇಲೆ ಹನಿಯುವ ಮಳೆಯ ಹಾಗೆ ಸದ್ದು. ಅಪ್ಪ ಮಳೆ ಅಳೆಯುತ್ತಾನೆ, ನಾನು ಇದನ್ನು ಅಳೆಯುತ್ತೇನೆ ಎಂದುಕೊಂಡೆ. ಹುಲಿಯಮ್ಮ ಈಗಲೂ ಗಟ್ಟಿಮುಟ್ಟಾಗಿದ್ದಾಳೆ. ನನಗೆ ಅವತ್ತು ಹಿಡಿದ ಆಸೆ ಮಾತ್ರ ವಾಸಿಯಾಗಲಿಲ್ಲ.

ಪರೀಕ್ಷೆ ಹಾಸನದಲ್ಲಿ. ಅಪ್ಪನೂ ನಾನೂ ಬೆಳಗಿನ ಐದಕ್ಕೆ ಮನೆ ಬಿಟ್ಟೆವು. ಆಲೂರು ದಾಟಿದ ಮೇಲೆ ಮಂಜು ಹರಿದು ಬಿಸಿಲು ಕಾಣಿಸಿತು. ಅಪ್ಪ ಬಸ್ಸಿನ ಕಿಟಕಿಯಿಂದ ಆಕಾಶ ನೋಡಿ "ಇಲ್ಲಿ ಸೊನ್ನೆ" ಎಂದ. ಮೂರು ಗಂಟೆ ಹೊತ್ತು ನಾನು ಉತ್ತರ ಪತ್ರಿಕೆಯ ಉರುಟು ಗುಂಡಿಗಳಿಗೆ ಮಸಿ ತುಂಬಿದೆ. ಮೂರು ಗಂಟೆ ಅವನು ಹೊರಗೆ ಬೇಲಿಯ ಪಕ್ಕ, ಬಿಡಿಸದ ಕೊಡೆ ಹಿಡಿದು ನಿಂತೇ ಇದ್ದ. ಅವತ್ತು ಗೇಜು ನೋಡುವ ಕೆಲಸ ಅವ್ವನದಾಗಿತ್ತು. ವಾಪಸ್ ಬಂದು ನೋಡಿದರೆ ಮಳೆಯ ಪುಸ್ತಕದಲ್ಲಿ "ಮುಕ್ಕಾಲು ಲೋಟ" ಎಂದು ದುಂಡಗೆ ಬರೆದಿದ್ದಳು, ಅದೂ ಅವತ್ತಿನ ತಾರೀಕಿನ ಎದುರಿಗೇ. ನನ್ನ ಪರೀಕ್ಷೆ ಹೇಗಾಯಿತು ಎನ್ನುವುದಕ್ಕಿಂತ ಅಪ್ಪ ಅದಕ್ಕೇ ಹೆಚ್ಚು ಸಂಕಟಪಟ್ಟ.

"ಲೋಟ ಅಂದ್ರೆ ಯಾವ್ ಲೋಟ ಮಾರಾಯ್ತಿ?" ಎಂದು ಕೇಳಿದ.

"ನೀವ್ ಕಾಫಿ ಕುಡ್ಯಾ ಲೋಟ" ಎಂದಳು ಅವ್ವ.

ಪರೀಕ್ಷೆಯೇನೋ ಮುಗಿಯಿತು. ಉತ್ತರ ತಾಳೆ ನೋಡಿದರೆ, ಸೀಟು ಸಿಕ್ಕರೂ ಸಿಗಬಹುದು, ತಪ್ಪಿದರೂ ತಪ್ಪಬಹುದು ಎನ್ನುವಷ್ಟು ಅಂಕ. ಫಲಿತಾಂಶ ಯಾವಾಗ ಎಂದು ಯಾರಿಗೂ ತಿಳಿಯದು. ಅಷ್ಟರಲ್ಲಿ, ನಾನು ಸುಮ್ಮನೆ ಇದೂ ಒಂದಿರಲಿ ಎಂದು ಬರೆದಿದ್ದ ಸಿಇಟಿಯ ಪಟ್ಟಿ ಅಕ್ಟೋಬರ್ ಒಂಬತ್ತಕ್ಕೆ ಬಂದೇಬಿಟ್ಟಿತು. ನನಗೆ ಪಶುವೈದ್ಯದ ಸೀಟು ಬಂದಿತ್ತು. ನೀಟ್ ತಡವಾದ ವರ್ಷ ಆಗುವುದೇ ಹೀಗೆ. ಬೇಕಾದದ್ದರ ಸುದ್ದಿಯೇ ಇರುವುದಿಲ್ಲ, ಬೇಡದ್ದು ಬಂದು ಬಾಗಿಲು ತಟ್ಟುತ್ತದೆ.

ನನ್ನ ಅರ್ಜಿಗಳನ್ನೆಲ್ಲ ತುಂಬುತ್ತಿದ್ದವಳು ಸಕಲೇಶಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ತಾಹಿರಾ ಅಕ್ಕ. ಅವಳು ಕನ್ನಡಕ ಹಣೆಗೇರಿಸಿ ನನ್ನನ್ನು ಕೂರಿಸಿಕೊಂಡು ಹೇಳಿದಳು.

"ನೋಡು ಲೀಲಾ, ಈ ಸೀಟು ಒಪ್ಕೊಂಡ್ರೆ ನಿನ್ನ ಒರಿಜಿನಲ್ ಮಾರ್ಕ್ಸ್‌ಕಾರ್ಡೆಲ್ಲ ಆ ಕಾಲೇಜಿಗೆ ಕೊಡ್ಬೇಕು. ಆಮೇಲೆ ನೀಟ್ ರಿಸಲ್ಟ್ ಬಂದಾಗ ಅದನ್ನ ಬಿಡಿಸ್ಕೊಂಡು ಮೆಡಿಕಲ್‌ಗೆ ಹೋಗೋಕೆ ಆಗುತ್ತೋ ಇಲ್ವೋ ನಂಗೆ ಗೊತ್ತಿಲ್ಲ. ಒಪ್ಕೊಳ್ದಿದ್ರೆ ಈ ಸೀಟು ಹೋಯ್ತು ಅಂತ್ಲೇ ತಿಳ್ಕೋ. ಹನ್ನೊಂದನೇ ತಾರೀಕು ಕೊನೆ. ರಾತ್ರಿ ಹನ್ನೊಂದು ಐವತ್ತೊಂಬತ್ತಕ್ಕೆ ಮುಚ್ಬಿಡ್ತಾರೆ. ಮನೇಲಿ ಮಾತಾಡಿ ನಿನ್ನ ಫೋನಲ್ಲೇ ಒತ್ತು, ಸುಲಭ."

ಮಾತು ಮುಗಿಸಿ, ಪ್ರಿಂಟ್ ತೆಗೆದ ಹಾಳೆಯಲ್ಲಿ ಆ ಸಮಯದ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಳು. ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಪುಸ್ತಕದೊಳಗೆ ಇಟ್ಟುಕೊಂಡೆ. ಮನೆಯಲ್ಲಿ ತಾರೀಕು ಮಾತ್ರ ಹೇಳಿದೆ.

ಅಪ್ಪನ ಖುಷಿ ನೋಡಬೇಕಿತ್ತು. ಹಾಜರಿ ಕರೆಯುವಾಗ ಪ್ರತಿ ಹೆಸರಿನ ನಡುವೆ ಒಮ್ಮೆ ನನ್ನ ಸೀಟಿನ ಸುದ್ದಿ ಹೇಳಿದನಂತೆ.

"ದನದ್ ಡಾಕ್ಟ್ರೂ ಡಾಕ್ಟ್ರೇ ಕಣವ್ವ" ಎಂದ ನನಗೆ. "ಅದೂ ಅಲ್ದೆ ದನ ಎಲ್ಲಿ ನೋಯ್ತದೆ ಅಂತ ಸುಳ್ ಹೇಳಕಿಲ್ಲ."

"ನೀಟ್ ರಿಸಲ್ಟ್ ಬರ್ಲಿ ಅಪ್ಪ."

"ಬರ್ಲಿ ಬುಡು, ಬಂದಾಗ ನೋಡಾನ. ಕೈಗ್ ಬಂದದ್ದ ಬುಡಬಾರ್ದು."

ಅವ್ವ ಒಲೆಯ ಮುಂದಿನಿಂದಲೇ "ಕೂಸು ಹುಟ್ಟಾಕ್ ಮುಂಚೆ ಕುಲಾವಿ ಹೊಲಿಸ್ಕಂಡು ಕೂತವ್ಳೆ ನಿಮ್ ಮಗ್ಳು" ಎಂದಳು.

ಅವನು ಬೈದಿದ್ದರೆ ಜಗಳವಾಡಬಹುದಿತ್ತು. ಹಟ ಮಾಡಿದ್ದರೆ ನಾನೂ ಅನ್ನ ಬಿಟ್ಟು ಮಲಗಬಹುದಿತ್ತು. ಅವನು ಮಾಡಿದ್ದು ನ್ಯಾಯದ ಮಾತು, ನನ್ನ ಒಳ್ಳೆಯದಕ್ಕೇ ಆಡಿದ ಮಾತು. ಅದಕ್ಕೆ ಎದುರು ಹೇಳಲು ನನ್ನಲ್ಲಿ ಇದ್ದದ್ದು ತಗಡಿನ ಮೇಲಿನ ಮಳೆಯ ಸದ್ದೊಂದೇ. ಆ ಸೀಟು ಕೈಯಲ್ಲಿದ್ದರೆ ನಾನು ಅಲ್ಲೇ ಇದ್ದುಬಿಡುತ್ತೇನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಬಾಯಿ ಜೋರಿನವಳೇ ಹೊರತು ಧೈರ್ಯದವಳಲ್ಲ. ಬಿಡುತ್ತೇನೆ ಎನ್ನಲೂ ಆಗದೆ, ಒಪ್ಪಲೂ ಆಗದೆ, ಒಂಬತ್ತರಂದು "ನಾಳೆ ಒತ್ತೋಣ" ಎಂದೆ. ಹತ್ತರಂದೂ ಹಾಗೇ ಎಂದೆ.

ಹನ್ನೊಂದರಂದು ಹಿಂಗಾರು ಮಳೆ ಬೆಳಗಿನಿಂದಲೇ ಹಿಡಿಯಿತು. ಬಿಸಿಲೆ ಕಡೆಯ ರಸ್ತೆಗೆ ಮರ ಬಿದ್ದು ಬಸ್ಸಿಲ್ಲ, ತೋಟದ ಯಜಮಾನರ ಬಂಗಲೆಯ ಫೋನ್ ಸತ್ತಿತ್ತು. ನಮ್ಮ ಕ್ವಾರ್ಟರ್ಸಿನಲ್ಲಿ ಮೊಬೈಲಿಗೆ ಸಿಗ್ನಲ್ ಯಾವತ್ತೂ ಇಲ್ಲ. ಅದಕ್ಕೆ ಅರ್ಧ ಗಂಟೆ ಗುಡ್ಡ ಹತ್ತಿ ಒಂದು ಬಂಡೆಯ ಮೇಲೆ ನಿಲ್ಲಬೇಕು. ಸಿಗ್ನಲ್ ಬಂಡೆ ಎಂದೇ ಅದಕ್ಕೆ ಹೆಸರು. ಸಂಜೆ ನಾಲ್ಕಕ್ಕೆ ಮಳೆ ಸ್ವಲ್ಪ ಹೊತ್ತು ತೆಳುವಾಯಿತು. ಆಗ ಹೋಗಬಹುದಿತ್ತು. ನಾನು ಛತ್ರಿಯನ್ನು ನೋಡಿದೆ, ಛತ್ರಿ ನನ್ನನ್ನು ನೋಡಿತು, ಇಬ್ಬರೂ ಅಲ್ಲೇ ಇದ್ದೆವು. ಐದು ಗಂಟೆಗೆ ಅಪ್ಪ ಸ್ಟೋರಿನಿಂದ ತೊಯ್ದು ತೊಪ್ಪೆಯಾಗಿ ಬಂದ. ಮಳೆ ಮತ್ತೆ ಜೋರಾಗಿತ್ತು. ತಲೆ ಒರೆಸಿಕೊಳ್ಳುತ್ತಾ ನನ್ನನ್ನು ಕೇಳಿದ.

"ಒತ್ತಾದು ಇವತ್ತೇ ಕೊನೆ ಅಲ್ವಾ ಮಗ?"

"ಹೌದಪ್ಪ."

ಬಾಗಿಲಿಗೆ ಹೋಗಿ ಗುಡ್ಡದ ಕಡೆ ನೋಡಿದ. ಗುಡ್ಡ ಇರಲಿಲ್ಲ, ಬರೀ ಬಿಳಿ. ಜಿಗಣೆ, ಜಾರು, ಆನೆ ಓಡಾಡುವ ದಾರಿ. ಅವನು ಯೋಚಿಸಿದ್ದು ನನ್ನ ಕಾಲಿನ ಬಗ್ಗೆ.

"ಈ ಮಳೇಲಿ ಬ್ಯಾಡ ಕಣವ್ವ. ಬೆಳಿಗ್ಗೆ ಆರಕ್ಕೇ ಹತ್ಬುಡಾನ. ಎಂಟ್ ಗಂಟೆ ಗಂಟ ಹನ್ನೊಂದೇ ಅಲ್ವಾ?"

ಯೋಚನೆಯೇ ಮಾಡದೆ ಹೇಳಿದ, ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನಲ್ವಾ ಎಂದು ಕೇಳುವವನಂತೆ. ಮೂವತ್ತೊಂದು ವರ್ಷ ಒಂದು ದಿನವೂ ತಪ್ಪದ ಲೆಕ್ಕ ಅದು. ಕೆಂಪು ಗೆರೆ ಎಳೆದ ಹಾಳೆ ನನ್ನ ಪುಸ್ತಕದೊಳಗೆ, ಅವನಿಂದ ಮೂರು ಮಾರು ದೂರದಲ್ಲಿತ್ತು. ನಾನು ಬಾಯಿ ತೆರೆದೆ. ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಅದನ್ನೇ ಕೇಳುತ್ತಾ ನಿಂತೆ.

"ಹೂಂ" ಎಂದೆ.

ಅಷ್ಟೇ ನಾನು ಮಾಡಿದ್ದು. ಅವತ್ತು ನನಗೆ ಒಳ್ಳೆಯ ನಿದ್ದೆ ಬಂತು, ಕನಸೂ ಬೀಳಲಿಲ್ಲ. ಈಗಲೂ ನನಗೆ ಹೆಚ್ಚು ನಾಚಿಕೆಯಾಗುವುದು ಆ ನಿದ್ದೆಗೆ.

ಬೆಳಗ್ಗೆ ಮಳೆ ನಿಂತಿತ್ತು. ಅಪ್ಪ ಮುಂದೆ, ಜಿಗಣೆ ಹತ್ತದಂತೆ ಕಾಲಿಗೆ ಸುಣ್ಣ ಹೊಗೆಸೊಪ್ಪು ಬಳಿದುಕೊಂಡು, ಕತ್ತಿಯಿಂದ ದಾರಿಯ ಕೊಂಬೆ ಸವರುತ್ತಾ ಹತ್ತಿದ. ಹಿಂದೆ ನಾನು. ಗಿಡಗಳಿಂದ ಹನಿ ಉದುರುತ್ತಿತ್ತು. ಕಾಫಿ ಕಾಯಿ ಅಲ್ಲೊಂದು ಇಲ್ಲೊಂದು ಹಣ್ಣಾಗಲು ಶುರುವಾಗಿತ್ತು. ಮಂಜಿನೊಳಗೆ ನಡೆಯುವಾಗ ಎಲ್ಲಿಗೂ ಹೋಗುತ್ತಿಲ್ಲ ಎನಿಸುತ್ತದೆ. ನಿಂತಲ್ಲೇ ಕಾಲು ಆಡುತ್ತಿರುತ್ತದೆ, ನೆಲ ತಾನಾಗಿ ಹಿಂದೆ ಸರಿಯುತ್ತದೆ. ಹೀಗೇ ನಡೆಯುತ್ತಾ ಇದ್ದರೆ ಸಾಕು, ಬಂಡೆ ಬರುವುದೇ ಬೇಡ ಎಂದುಕೊಂಡೆ. ಬಂಡೆ ಬಂತು.

ಫೋನ್ ತೆರೆದೆ. ಪುಟ ಬಿಚ್ಚಿಕೊಳ್ಳಲು ತಡವಾಯಿತು. ಅಪ್ಪ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ. ಅವಧಿ ಮುಗಿದಿದೆ ಎಂದು ಬಂತು. ಅವನು ಕೈಗಡಿಯಾರ ನೋಡಿದ.

"ಇನ್ನೂ ಆರೂ ನಲವತ್ತು" ಎಂದ.

ನಾನು ಪುಟವನ್ನು ಮೇಲೆ ಕೆಳಗೆ ಸರಿಸಿದೆ.

"ಇನ್ನೊಂದ್ ಸಲ ಒತ್ತು ಮಗ. ಎಲ್ಲೋ ತಪ್ಪಾಗೈತೆ. ಆರೂ ನಲವತ್ತು ಅಷ್ಟೇಯ."

ಮತ್ತೆ ಒತ್ತಿದೆ. ಅದೇ ಬಂತು. ಅವನ ಮುಖದಲ್ಲಿ ಏನೋ ನಿಧಾನವಾಗಿ ಕುಸಿಯುವುದು ಕಾಣಿಸಿತು. ಬೇರೆಯವರ ದಿನ ರಾತ್ರಿಯೇ ಮುಗಿಯುತ್ತದೆ ಎನ್ನುವುದು ಅವನಿಗೆ ತಿಳಿಯದ್ದೇನಲ್ಲ, ಅವನು ಅದನ್ನು ನೆನೆಯದೆ ಬದುಕಿದ್ದ, ಅಷ್ಟೆ. ಈಗ ನೆನಪಾಯಿತು. ಒದ್ದೆ ಬಂಡೆಯ ಮೇಲೆ ಹಾಗೇ ಕೂತ.

"ನಾನ್ ಕೆಡಿಸ್ಬುಟ್ಟೆ ಕಣವ್ವ" ಎಂದ.

ಹತ್ತು ಗಂಟೆಗೆ ರಸ್ತೆಯ ಮರ ತೆಗೆದರು. ಸಿಕ್ಕಿದ ಲಾರಿ ಹತ್ತಿ ಸಕಲೇಶಪುರಕ್ಕೆ ಹೋದೆವು. ಅಪ್ಪ ತಾಹಿರಾ ಅಕ್ಕನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೈ ಮುಗಿದ. "ಏನಾರ ಮಾಡಕ್ಕಾಯ್ತದಾ ತಾಯಿ? ತಪ್ಪು ನಂದು, ಹುಡುಗೀದಲ್ಲ. ಮಳೆ ಲೆಕ್ಕದಾಗೆ ಹೇಳ್ಬುಟ್ಟೆ" ಎಂದ. ಅವಳು ಎಲ್ಲ ಕಡೆ ಒತ್ತಿ ನೋಡಿದಳು, ಎರಡು ಫೋನ್ ಮಾಡಿದಳು, ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ನೋಡಿದಳು. ಕೆಂಪು ಗೆರೆ ಎಳೆದವಳು ಅವಳೇ ಅಲ್ಲವೇ? ಅಪ್ಪನಿಗೆ ಒಂದು ಕುರ್ಚಿ ಎಳೆದು ಹಾಕಿ, ಟೀ ತರಿಸಿದಳು. ನನಗೆ ತರಿಸಲಿಲ್ಲ.

"ಕೈಗ್ ಬಂದ ತುತ್ತು ಬಾಯಿಗೆ ಬರ್ಲಿಲ್ವಲ್ಲ" ಎಂದು ಅವ್ವ ಒಂದು ದಿನ ಅತ್ತಳು, ಎರಡನೇ ದಿನ ಬೈದಳು, ಮೂರನೇ ದಿನ ಮರೆತಳು. ಅವಳದು ಹಾಗೆ. ಅಪ್ಪ ಅಳಲೂ ಇಲ್ಲ, ಮರೆಯಲೂ ಇಲ್ಲ. ಅವನಿಗೆ ಬೇರೆ ಏನೋ ಆಯಿತು.

ಸಕಲೇಶಪುರಕ್ಕೆ ಹೋಗಿ ಬಂದ ಮರುದಿನ ಎಂಟಕ್ಕೆ ಗೇಜಿನ ನೀರು ಅಳೆದು, ಪುಸ್ತಕ ತೆರೆದು, ಪೆನ್ನು ಹಿಡಿದು ಹಾಗೇ ನಿಂತ. ನಾನು ಅಟ್ಟದ ಕಿಟಕಿಯಿಂದ ನೋಡುತ್ತಿ‌ದ್ದೆ. ತಲೆಯೆತ್ತಿ ನನ್ನನ್ನು ಕೇಳಿದ.

"ಮಗ, ಇದ ಯಾವ್ ತಾರೀಕಿಗೆ ಬರೀಲಿ?"

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ತಮಾಷೆಯಲ್ಲ.

"ನಿನ್ನೇದಕ್ಕೆ ಅಪ್ಪ" ಎಂದೆ.

"ಹೂಂ. ನಿನ್ನೇದಕ್ಕೆ" ಎಂದ. ಪೆನ್ನು ಜೇಬಿಗೆ ಹಾಕಿ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಬರೆದ. ತಪ್ಪಾದರೆ ಅಳಿಸಬಹುದು ಎಂದು.

ಆಮೇಲೆ ದಿನವೂ ಇದೇ. ಒಂದು ದಿನ ನನ್ನನ್ನು ಕೇಳುವುದು, ಒಂದು ದಿನ ಅವ್ವನನ್ನು. ಯಾರೂ ಸಿಗದಿದ್ದರೆ ದಾರಿಯಲ್ಲಿ ಹೋಗುವ ಹುಲಿಯಮ್ಮನನ್ನು. ಅವಳು "ನಂಗೇನ್ ಗೊತ್ತು ರೈಟರೆ, ನಂಗೆ ಸೋಮ್ವಾರ ಸಂತೆ ಒಂದೇ ಗೊತ್ತು" ಎಂದು ನಗುತ್ತಾ ಹೋದಳು. ಬೆಳಗ್ಗೆ ಮಾತನಾಡುವಾಗ ನಿನ್ನೆ, ಇವತ್ತು ಎನ್ನುವ ಮಾತು ಬಂದರೆ ಸಾಕು, ಅಪ್ಪ ತಡವರಿಸಿ ನಿಲ್ಲುತ್ತಿದ್ದ. ಸ್ಟೋರಿನ ಬೀಗ ಹಾಕಿ ಮನೆಗೆ ಬಂದವನು, ಹಾಕಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ಎಳೆದು ನೋಡುತ್ತಿದ್ದ. ತಿಂಗಳ ಕೊನೆಗೆ ತೋಟದ ಯಜಮಾನರು ಜಯಕುಮಾರ್ ಪುಸ್ತಕ ತಿರುವಿ ಹಾಕಿ "ಏನ್ ಶಾಂತಮಲ್ಲಪ್ಪ, ಹತ್ತೊಂಬತ್ತನೇ ತಾರೀಕು ಎರಡು ಸಲ ಮಳೆ ಬಂದಿದ್ಯಲ್ಲ, ಇಪ್ಪತ್ತಕ್ಕೆ ಬಂದೇ ಇಲ್ಲ!" ಎಂದು ನಕ್ಕರು. ಅಪ್ಪನೂ ನಕ್ಕ. ಅಟ್ಟದ ಮೇಲೆ ಕೂತಿದ್ದ ನನಗೂ ಆ ನಗು ಕೇಳಿಸಿತು. ನಾನು ಬಿಟ್ಟದ್ದು ಒಂದು ಸೀಟು. ಅವನಿಂದ ಕಿತ್ತುಕೊಂಡದ್ದು ಅವನ ದಿನವನ್ನೇ.

ಹೇಳಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಊಟದ ಹೊತ್ತಿಗೆ ಹೇಳೋಣ, ಕಾಫಿ ಕುಡಿದ ಮೇಲೆ ಹೇಳೋಣ. ನಾಳೆ ಹೇಳೋಣ ಎನ್ನುವುದು ಎಷ್ಟು ಸಿಹಿಯಾದ ಮಾತು! ಆ ಮೂರು ವಾರ ನಾನು ನಾಳೆಯಲ್ಲೇ ಇದ್ದೆ.

ನವೆಂಬರ್ ಒಂದರ ಸಂಜೆ ಬಂಗಲೆಯ ಫೋನಿಗೆ ತಾಹಿರಾ ಅಕ್ಕ ಕರೆ ಮಾಡಿದಳು. ನೀಟ್ ಫಲಿತಾಂಶ ಬಂದಿದೆ, ನಾನೇ ನೋಡಿ ಹೇಳಲೇ ಎಂದು ಕೇಳಿದಳು. ಬೇಡ, ನಾನೇ ನೋಡುತ್ತೇನೆ ಎಂದೆ. ಮರುದಿನ ಬೆಳಗ್ಗೆ ಆರಕ್ಕೆ ಅಪ್ಪನೂ ನಾನೂ ಮತ್ತೆ ಗುಡ್ಡ ಹತ್ತಿದೆವು. ಅದೇ ಮಂಜು, ಅದೇ ಹನಿ. ಕಾಫಿ ಹಣ್ಣು ಮಾತ್ರ ಈಗ ಗೊಂಚಲುಗೊಂಚಲಾಗಿ ಕೆಂಪಾಗಿತ್ತು. ಮೂರು ವಾರವನ್ನು ಯಾರೋ ಒರೆಸಿಹಾಕಿದಂತೆ, ಇದು ಅದೇ ಬೆಳಗು ಎಂಬಂತೆ ನಡೆದೆವು.

ಬಂಡೆಯ ಮೇಲೆ ಅಪ್ಪ ನನ್ನ ಪಕ್ಕದಲ್ಲಿ ನಿಲ್ಲಲಿಲ್ಲ. ನಾಲ್ಕು ಹೆಜ್ಜೆ ದೂರ ಹೋಗಿ ಬೆನ್ನು ಹಾಕಿ ನಿಂತ.

"ನೀನೇ ನೋಡವ್ವ" ಎಂದ. "ಇದೂ ಆಗ್ನಿಲ್ಲ ಅಂದ್ರೆ ಆ ಪಾಪ ನಂದೇಯ. ನಿನ್ ಕೈಲಿದ್ದುದ್ದ ಕಳೆದವ್ನು ನಾನು. ಒಂದ್ ಲೆಕ್ಕ ಸರ್ಯಾಗಿ ಬರ್ದೋನಲ್ಲ ನಾನು ಅನ್ಸ್ತದೆ ಈಗ. ಮೂವತ್ತ್ ವರ್ಸ ಏನ್ ಬರ್ದ್ನೋ."

ನನ್ನ ಕೈ ಫೋನಿನ ಮೇಲಿತ್ತು. ಇನ್ನೊಂದು ಸಲ ಒತ್ತಿದರೆ ನನ್ನ ಅಂಕ ಕಾಣುತ್ತಿತ್ತು. ಒಳ್ಳೆಯದು ಬಂದರೆ ಇಬ್ಬರೂ ನಕ್ಕು ಎಲ್ಲ ಮರೆಯಬಹುದಿತ್ತು, ಯಾರಿಗೂ ಏನೂ ಹೇಳದೆ ಇರಬಹುದಿತ್ತು. ಅದು ನೆನೆದ ಕೂಡಲೇ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

"ಅಪ್ಪ, ನಂಗೆ ಗೊತ್ತಿತ್ತು" ಎಂದೆ.

"ಏನು?"

"ಹನ್ನೊಂದು ರಾತ್ರೀನೇ ಮುಗೀತದೆ ಅಂತ. ತಾಹಿರಾ ಅಕ್ಕ ಬರ್ದು ಕೊಟ್ಟಿದ್ಲು. ನೀನು ಎಂಟ್ ಗಂಟೆ ಗಂಟ ಅಂದಾಗ ನಂಗೆ ಗೊತ್ತಿತ್ತು. ಬೇಕಂತ್ಲೇ ಸುಮ್ನಿದ್ದೆ. ನಂಗೆ ಆ ಸೀಟು ಬ್ಯಾಡಾಗಿತ್ತು."

ಅವನು ತಿರುಗಿದ. ಮಂಜಿನಲ್ಲಿ ಅವನ ಮುಖ ಸರಿಯಾಗಿ ಕಾಣಲಿಲ್ಲ. ಕೆಳಗೆ ಎಲ್ಲೋ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದು ಹೋದ ಸದ್ದು.

"ಮೂರ್ ವಾರ ನಿದ್ದೆ ಮಾಡಿಲ್ಲ ಕಣೇ ನಾನು" ಎಂದ. ಕಣವ್ವ ಎನ್ನಲಿಲ್ಲ. "ಬ್ಯಾಡ ಅಂತ ಹೇಳಿದ್ರೆ ನಾನೇನ್ ಕತ್ತ್ ಹಿಡ್ದು ಕಳುಸ್ತಿದ್ನಾ?"

"ಇಲ್ಲ. ನೀನು ಬ್ಯಾಡ ಬುಡು ಅಂತಿದ್ದೆ. ಅದುಕ್ಕೇ ಹೇಳ್ಲಿಲ್ಲ. ಹೇಳಿದ್ರೆ ಬಿಟ್ಟೋಳು ನಾನೇ ಆಗ್ತಿದ್ದೆ. ಮೆಡಿಕಲ್ಲೂ ಸಿಗ್ದಿದ್ರೆ, ನಾನೇ ಕೈಯಾರೆ ಕಳ್ಕಂಡೆ ಅಂತಾಗ್ತಿತ್ತು. ನಿನ್ನಿಂದ ಹೋಯ್ತು ಅಂದ್ರೆ ನಂಗೆ ಸುಲಭ ಆಗ್ತಿತ್ತು."

ಹೇಳಿ ಮುಗಿಸುವಷ್ಟರಲ್ಲಿ ಅಳು ಬಂದಿತ್ತು. ಅವನು ಸಮಾಧಾನ ಮಾಡಲಿಲ್ಲ. ಮಾಡಿದ್ದರೆ ನಾನು ಬಂಡೆಯಿಂದ ಹಾರುತ್ತಿದ್ದೆನೇನೋ. ಕತ್ತಿಯ ತುದಿಯಿಂದ ಬಂಡೆಯ ಪಾಚಿ ಕೆರೆಯುತ್ತಾ ನಿಂತಿದ್ದು, ಕೊನೆಗೆ "ಒತ್ತು" ಎಂದ.

ಒತ್ತಿದೆ. ಅಂಕ ಬಂತು. ನಾನು ತಾಳೆ ಹಾಕಿದ್ದಕ್ಕಿಂತ ಒಂಬತ್ತು ಹೆಚ್ಚು. ಅದು ಸಾಕಾಯಿತು. ಸೀಟು ಸಿಕ್ಕಿದ್ದು ಬಹಳ ತಿಂಗಳಾದ ಮೇಲೆ, ಕೊನೆಯ ಸುತ್ತಿನಲ್ಲಿ, ರಾಯಚೂರಿನಲ್ಲಿ. ಈಗ ನಾನಿರುವುದು ಅಲ್ಲೇ. ಇಲ್ಲಿ ಮಳೆ ಅಳೆಯಲು ಗ್ಲಾಸು ಬೇಡ, ಚಮಚ ಸಾಕು. ಆದರೆ ಅವತ್ತು ಬಂಡೆಯ ಮೇಲೆ ಅದೆಲ್ಲ ಗೊತ್ತಿರಲಿಲ್ಲ. ಬರೀ ಒಂದು ಸಂಖ್ಯೆ. ಅಪ್ಪನಿಗೆ ಹೇಳಿದೆ. ಅವನು ಕೇಳಿಸಿಕೊಂಡು ತಲೆಯಾಡಿಸಿದ, ಗಡಿಯಾರ ನೋಡಿದ, "ಗೇಜ್ ನೋಡ್ಬೇಕು" ಎಂದು ಇಳಿಯತೊಡಗಿದ.

ಅವನು ಕೊಂಬೆ ಸವರುತ್ತಾ ಮುಂದೆ, ನಾನು ಹಿಂದೆ. ಜಾರುವ ಕಡೆ ನಿಂತು ಕೈ ಕೊಟ್ಟ. ಕೈ ಕೊಟ್ಟಾಗಲೂ ಮುಖ ನೋಡಲಿಲ್ಲ. ಸ್ಟೋರಿನ ಹತ್ತಿರ ಬಂದಾಗ ಎಂಟಕ್ಕೆ ಎರಡು ನಿಮಿಷವಿತ್ತು. ಆ ಎರಡು ನಿಮಿಷವೂ ಅವನು ಗೇಜಿನ ಪಕ್ಕ ಸುಮ್ಮನೆ ನಿಂತು ಕಾದ. ಎಂಟಾಯಿತು. ನೀರನ್ನು ಗ್ಲಾಸಿಗೆ ಸುರಿದು ಕಣ್ಣಿನ ಮಟ್ಟಕ್ಕೆ ಎತ್ತಿದ.

"ಮೂವತ್ತೆರಡು ಸೆಂಟು" ಎಂದ.

ಅವನು ಕೇಳುತ್ತಾನೆ ಎಂದು ಕಾದೆ, ಯಾವ ತಾರೀಕಿಗೆ ಎಂದು. ನನ್ನ ಉತ್ತರ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಅವನು ಕೇಳಲಿಲ್ಲ. ಕಿವಿಯಲ್ಲಿದ್ದ ಪೆನ್ಸಿಲನ್ನು ಮುಟ್ಟಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಾಯಲ್ಲಿ ಕಚ್ಚಿಕೊಂಡು, ಹಿಂದಿನ ದಿನದ ತಾರೀಕಿನ ಎದುರು ಒತ್ತಿ ಬರೆದ. ಶಾಯಿ ಒಣಗುವವರೆಗೆ ಊದಿದ. ಪುಸ್ತಕ ಮುಚ್ಚುತ್ತಾ, ನನ್ನ ಕಡೆ ನೋಡದೆಯೇ ಕೇಳಿದ.

"ಬಂಡೆ ಮ್ಯಾಲೆ ನೀನ್ ಹೇಳ್ದಾಗ ಎಷ್ಟೊತ್ತಾಗಿತ್ತು?"

"ಏಳ್ ಗಂಟೆ ಆಗಿರ್ಬೋದು ಅಪ್ಪ."

"ಹಂಗಾರೆ ಅದೂ ನಿನ್ನೇದೇ ಕಣವ್ವ" ಎಂದ. "ಇವತ್ತಿಂದು ಈಗ ಸುರುವಾಯ್ತು. ಹೋಗು, ನಿಮ್ಮವ್ವಂಗೆ ರಿಸಲ್ಟ್ ಹೇಳು."

ಗ್ಲಾಸಿನ ನೀರನ್ನು ಕಾಫಿ ಗಿಡದ ಬುಡಕ್ಕೆ ಚೆಲ್ಲಿ, ಸ್ಟೋರಿನ ಬೀಗ ತೆಗೆಯಲು ಹೋದ.